‘ನೀವು ಬಿಟ್ಟು ಹೋದ್ರೆ ಯಾರು ನೋಡ್ಕೋತಾರೆ?’: ಓಪನ್ ಸೋರ್ಸ್ ಮತ್ತು ಮ್ಯಾನೇಜರ್ ಭಯದ ಚರಿತ್ರೆ

  ವಿಡಿಯೋದಲ್ಲಿ ಆಡಿದ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಇವತ್ತು ಅಪಾಚೆ, ಲಿನಕ್ಸ್, ಮೈಎಸ್‌ಕ್ಯೂಎಲ್ ಹಾಕೋದಕ್ಕೆ ಯಾರೂ ಯಾರ ಒಪ್ಪಿಗೆಯನ್ನೂ ಕೇಳೋಲ್ಲ. ಇಪ್ಪತ್ತು ವರ್ಷದ ಹಿಂದೆ ಹಾಗಿರಲಿಲ್ಲ. 2002ರಲ್ಲಿ ನಾನು ಚೆನ್ನೈನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಒಬ್ಬ ಕ್ಲೈಂಟ್‌ನ ವೆಬ್‌ಸೈಟನ್ನ ಅಪಾಚೆ ಮೇಲೆ ಮಾಡೋಣ ಅಂತ ಮ್ಯಾನೇಜರ್ ಮುಂದೆ ಲೆಕ್ಕದ ಹಾಳೆ ಇಟ್ಟೆ. ಲೈಸೆನ್ಸ್ ಖರ್ಚು ಸೊನ್ನೆ! ಅವರು ಹಾಳೆ ಮುಟ್ಟಲೂ ಇಲ್ಲ. ‘ಪುಕ್ಕಟೆ ಕೊಟ್ಟೋನು ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುತ್ತಾನಾ?’ ಅಂದ್ರು. ಆಮೇಲೆ, ‘ನೀವು ಕರ್ನಾಟಕದವರು. ನಾಳೆ ಬೆಂಗಳೂರಲ್ಲಿ ಕೆಲಸ ಸಿಕ್ಕರೆ ಹೊರಟುಬಿಡ್ತೀರಿ. ಇದನ್ನ ಯಾರು ನೋಡ್ಕೋತಾರೆ?’

ಮೊದಲನೇ ಪ್ರಶ್ನೆಗೆ ‘ಸಾರ್, ಮೇಲಿಂಗ್ ಲಿಸ್ಟ್ ಇದೆ’ ಅಂದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾಕಂದ್ರೆ ಆ ಲೆಕ್ಕದಲ್ಲಿ ರಿಸ್ಕ್ ಆಗಿದ್ದದ್ದು ಅಪಾಚೆ ಅಲ್ಲ, ನಾನು. ಹೊರಗಿಂದ ಬಂದು ಇಲ್ಲಿ ಕೆಲಸ ಮಾಡೋ ನಮ್ಮಂಥವರು ಈ ಮಾತನ್ನ ಬೇರೆ ಬೇರೆ ರೂಪದಲ್ಲಿ ಕೇಳಿಯೇ ಇರ್ತೀವಿ.

ತಮಾಷೆ ಅಂದ್ರೆ, ಅಪಾಚೆ ಹುಟ್ಟಿದ್ದೇ ಆ ಭಯ ನಿಜವಾದಾಗ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಅನ್ನೋ ಕೇಂದ್ರದಲ್ಲಿ ರಾಬ್ ಮೆಕೂಲ್ ಒಂದು ವೆಬ್ ಸರ್ವರ್ ಬರೆದಿದ್ದರು. ಆಗಿನ ಎಷ್ಟೋ ಸೈಟುಗಳು ಓಡ್ತಿದ್ದದ್ದು ಅದರ ಮೇಲೆ. 1994ರಲ್ಲಿ ಅವರು ಕೆಲಸ ಬಿಟ್ಟು ಹೋದರು, ಸರ್ವರ್ ಕೆಲಸ ಅಲ್ಲಿಗೇ ನಿಂತಿತು. ಬರೆದವನೇ ಇಲ್ಲ, ಸೈಟ್ ಮಾತ್ರ ನಡೀಬೇಕು. ಸೋರ್ಸ್ ಕೋಡ್ ಕೈಯಲ್ಲಿದ್ದದ್ದರಿಂದ ಬಳಸ್ತಿದ್ದವರೇ ಅಲ್ಲಲ್ಲಿ ತೇಪೆ ಹಾಕ್ಕೊಳ್ಳೋಕೆ ಶುರುಮಾಡಿದರು. ಬ್ರಯಾನ್ ಬೆಹ್ಲೆಂಡಾರ್ಫ್ ಮೊದಲಾದ ಎಂಟು ಜನ ಆ ತೇಪೆಗಳನ್ನೆಲ್ಲ ಈಮೇಲಿನಲ್ಲೇ ಒಟ್ಟುಗೂಡಿಸಿ 1995ರ ಏಪ್ರಿಲ್‌ನಲ್ಲಿ ಅಪಾಚೆ ಹೆಸರಲ್ಲಿ ಬಿಟ್ಟರು. ಒಂದೇ ವರ್ಷದಲ್ಲಿ ಅದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯ ವೆಬ್ ಸರ್ವರ್ ಆಯ್ತು.

ಈ ಕಥೆ ನನಗೆ 2002ರಲ್ಲಿ ಗೊತ್ತಿದ್ದಿದ್ದರೂ ಮ್ಯಾನೇಜರ್ ಒಪ್ಪುತ್ತಿದ್ದರು ಅಂತ ನಾನು ಹೇಳೋಲ್ಲ. ಅವರಿಗೆ ಬೇಕಿದ್ದದ್ದು ಸಹಿ ಹಾಕೋ ಕೈ. ಐಬಿಎಂಗೂ ಅದೇ ಬೇಕಿತ್ತು. 1998ರ ಜೂನ್‌ನಲ್ಲಿ ಐಬಿಎಂ ತನ್ನ ವೆಬ್‌ಸ್ಪಿಯರ್ ಜೊತೆ ಅಪಾಚೆಯನ್ನೇ ಕೊಡ್ತೀವಿ, ಸಪೋರ್ಟೂ ಮಾಡ್ತೀವಿ ಅಂತ ಘೋಷಿಸಿತು. ಅದಕ್ಕೆ ಮುಂಚೆ ಅವರ ವಕೀಲರಿಗೆ ತಲೆನೋವು: ಒಪ್ಪಂದ ಯಾರ ಜೊತೆ? ಅಪಾಚೆಗೆ ಆಫೀಸಿಲ್ಲ, ರಿಜಿಸ್ಟ್ರೇಷನ್ ಇಲ್ಲ, ಇರೋದು ಒಂದಷ್ಟು ಈಮೇಲ್ ವಿಳಾಸ. 1999ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಅನ್ನೋ ನೋಂದಾಯಿತ ಸಂಸ್ಥೆ ಹುಟ್ಟೋದಕ್ಕೆ ಇಂಥ ಪ್ರಶ್ನೆಗಳೂ ಕಾರಣ. ಐಬಿಎಂ ಹೆಸರು ಬಂದಮೇಲೆ ಎಷ್ಟೋ ಮ್ಯಾನೇಜರುಗಳ ಮುಖ ಸಡಿಲವಾಯ್ತು.

ಇನ್ನೊಂದು ಪೆಟ್ಟು ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಕಡೆಯಿಂದಲೇ ಬಂತು. 2001ರ ಜುಲೈ 19ರಂದು ಕೋಡ್ ರೆಡ್ ವರ್ಮ್ ಹದಿನಾಲ್ಕು ಗಂಟೆಯೊಳಗೆ ಮೈಕ್ರೋಸಾಫ್ಟ್‌ನ ಐಐಎಸ್ ಓಡ್ತಿದ್ದ 3,59,000ಕ್ಕೂ ಹೆಚ್ಚು ಯಂತ್ರಗಳಿಗೆ ಹಬ್ಬಿತು. (ಪ್ಯಾಚ್ ಒಂದು ತಿಂಗಳ ಹಿಂದೆಯೇ ಬಂದಿತ್ತು, ಹಾಕಿದವರು ಕಡಿಮೆ.) ಸೆಪ್ಟೆಂಬರ್‌ನಲ್ಲಿ ನಿಮ್ಡಾ ಬಂತು. ಎರಡರಿಂದಲೂ ಪೆಟ್ಟು ತಿಂದವರು ಅಪಾಚೆಯಂಥ ಪರ್ಯಾಯ ನೋಡ್ಕೊಳ್ಳಿ ಅಂತ ಗಾರ್ಟ್ನರ್ ಸಂಸ್ಥೆ ಸಲಹೆ ಕೊಟ್ಟಿತು. ಗಾರ್ಟ್ನರ್ ಹೇಳಿದ್ದನ್ನ ಮೀಟಿಂಗಿನಲ್ಲಿ ತೋರಿಸಬಹುದಿತ್ತು, ನಮ್ಮ ಆದರ್ಶದ ಭಾಷಣವನ್ನಲ್ಲ.

‘ಯಾರು ನೋಡ್ಕೋತಾರೆ?’ ಅನ್ನೋದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದು ಮಾತ್ರ ಚೆನ್ನೈ ಊರೇ ಅಂತ ನನ್ನ ಲೆಕ್ಕ. ಐಐಟಿ ಮದ್ರಾಸಿನಲ್ಲಿ ತಿಂಗಳ ಎರಡನೇ ಶನಿವಾರ ಲಿನಕ್ಸ್ ಬಳಕೆದಾರರ ಗುಂಪು ಸೇರ್ತಿತ್ತು. 2005ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಎನ್‌ಆರ್‌ಸಿ‌ಫಾಸ್ ಇಲ್ಲಿ ಶುರುವಾಯ್ತು. ಅದರ ಒಂದು ಕಾಲು ಕ್ರೋಮ್‌ಪೇಟೆಯ ಎಂಐಟಿ ಕ್ಯಾಂಪಸ್ಸಿನ ಎಯು-ಕೆಬಿಸಿ ಕೇಂದ್ರದಲ್ಲಿ, ಇನ್ನೊಂದು ಸಿ-ಡ್ಯಾಕ್‌ನಲ್ಲಿ. ಬಾಸ್ ಲಿನಕ್ಸ್ ಬಂದದ್ದು ಅಲ್ಲಿಂದ. ಅದಕ್ಕಿಂತ ದೊಡ್ಡದು, ಅಣ್ಣಾ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಹುಡುಗರಿಗೆ ಓಪನ್ ಸೋರ್ಸ್ ಒಂದು ಎಲೆಕ್ಟಿವ್ ಆಯ್ತು. ಅದೇ ಹೊತ್ತಿಗೆ ರಾಜ್ಯ ಸರ್ಕಾರದ ಎಲ್ಕಾಟ್ ಸಂಸ್ಥೆಯ ಎಂಡಿ ಆಗಿದ್ದ ಐಎಎಸ್ ಅಧಿಕಾರಿ ಸಿ. ಉಮಾಶಂಕರ್, ತಮ್ಮ ಸಂಸ್ಥೆಯ ಕಂಪ್ಯೂಟರುಗಳನ್ನೇ ಲಿನಕ್ಸ್ ಮತ್ತು ಓಪನ್ ಆಫೀಸಿಗೆ ಬದಲಾಯಿಸಿದರು. ಸರ್ಕಾರಿ ಆಫೀಸೇ ಒಪ್ಪಿಕೊಂಡಿದೆ ಅನ್ನೋ ಮಾತಿಗೆ ಎಚ್ಚರಿಕೆಯ ಮನುಷ್ಯನ ಹತ್ತಿರ ಬಹಳ ತೂಕ. ಒಬ್ಬ ಹೋದರೆ ಅದೇ ಕೆಲಸ ಗೊತ್ತಿರೋ ಇನ್ನೊಬ್ಬ ಕ್ರೋಮ್‌ಪೇಟೆಯಿಂದ ಲೋಕಲ್ ಟ್ರೈನ್ ಹತ್ತಿ ಬರ್ತಾನೆ ಅಂದಮೇಲೆ ನಾನು ರಿಸ್ಕ್ ಆಗಿ ಉಳೀಲಿಲ್ಲ!

2015ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಓಪನ್ ಸೋರ್ಸ್ ನೀತಿ ಬಂದಾಗ ಮೇಜು ತಿರುಗಿತು. ಟೆಂಡರ್ ಹಾಕೋರು ಓಪನ್ ಸೋರ್ಸನ್ನ ಕೈಬಿಟ್ಟರೆ ಯಾಕೆ ಬಿಟ್ಟೆವು ಅಂತ ಕಾರಣ ಕೊಡಬೇಕು. ಕಾರಣ ಕೊಡೋ ಕೆಲಸ ಅಲ್ಲಿವರೆಗೆ ನಮ್ಮದಾಗಿತ್ತು.

ಹಾಗಂತ ಆ ಹಳೇ ಪ್ರಶ್ನೆ ಪೆದ್ದು ಪ್ರಶ್ನೆ ಅಂತ ನಾನು ಒಪ್ಪೋಲ್ಲ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಹೊರಬಿದ್ದಾಗ, ಅರ್ಧ ಇಂಟರ್ನೆಟ್ಟೇ ನಂಬಿದ್ದ ಓಪನ್‌ಎಸ್‌ಎಸ್‌ಎಲ್ ಬೆರಳೆಣಿಕೆಯ ಜನರ ಮೇಲೆ ನಿಂತಿದೆ ಅಂತ ಗೊತ್ತಾಯ್ತು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ತೂತು ಬಿದ್ದಾಗ ಅದನ್ನ ಹೊಲಿದವರೂ ಅಪಾಚೆಯ ಸ್ವಯಂಸೇವಕರೇ, ತಮ್ಮ ತಮ್ಮ ನೌಕರಿ ಮುಗಿಸಿಕೊಂಡು, ರಾತ್ರಿ ಕೂತು. ಆ ವಾರ ಶೋಲಿಂಗನಲ್ಲೂರಿನ ನಮ್ಮ ಆಫೀಸಿನಲ್ಲಿ ನಾವು ಪ್ಯಾಚ್ ಹಾಕಿದ ಒಂದೊಂದು ಗಂಟೆಗೂ ಕ್ಲೈಂಟ್‌ಗೆ ಬಿಲ್ ಹೋಯ್ತು. ಬರೆದವರಿಗೆ ಎಷ್ಟು ಕಳಿಸೋಣ ಅಂತ ಯಾವ ಮೀಟಿಂಗಿನಲ್ಲೂ ಯಾರೂ ಕೇಳಲಿಲ್ಲ.