ದಿಗಿಲು ಬಿಟ್ಟ ಮೇಲೆ

ಭಯವನ್ನು ಬಣ್ಣಿಸಹೊರಟ ಕನ್ನಡಿಗನು ಮನಸ್ಸಿನ ಮಾತನ್ನು ಎತ್ತುವುದು ಕಡಮೆ. ಎದೆ ಧಸಕ್ಕೆಂದಿತು, ನಾಲಗೆಯ ಪಸೆ ಆರಿತು, ಜಂಘಾಬಲವೇ ಉಡುಗಿತು ಎನ್ನುತ್ತಾನೆ. ಪಾಶ್ಚಾತ್ಯ ವೈದ್ಯರೂ ದಿಗಿಲಿನ ಮೂಲವನ್ನು ಬಹುಕಾಲ ದೇಹದಲ್ಲಿಯೇ ಅರಸಿದರು. ಫಿಲಡೆಲ್ಫಿಯಾದ ಡಾ ಕೋಸ್ಟಾ ಎಂಬ ವೈದ್ಯನು ಅಮೆರಿಕದ ಅಂತರ್ಯುದ್ಧದ 300 ಸಿಪಾಯಿಗಳನ್ನು ಪರೀಕ್ಷಿಸಿ 1871ರಲ್ಲಿ ಒಂದು ಲೇಖನ ಬರೆದನು. ಎದೆಬಡಿತ, ಎದೆನೋವು, ಏದುಸಿರು ಎಲ್ಲವೂ ಇದ್ದುವು; ಹೃದಯದಲ್ಲಿ ಮಾತ್ರ ರೋಗದ ಗುರುತು ಕಾಣುತ್ತಿರಲಿಲ್ಲ. ‘ಕೆರಳುವ ಹೃದಯ’ವೆಂದು ಅವನು ಇದಕ್ಕೆ ಹೆಸರಿಟ್ಟನು. ಅದೇ ಊರಿನ ವೀರ್ ಮಿಚೆಲ್ ನರಗಳು ಬಳಲಿದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿ, ಹಾಲು ಕುಡಿಸಿ, ಮೈ ತಿಕ್ಕಿಸಿ, ಓದುಬರಹವನ್ನೂ ಬಿಡಿಸುತ್ತಿದ್ದನು. ದಣಿದವನಿಗೆ ವಿಶ್ರಾಂತಿ ಬೇಕೆಂಬುದೇನೋ ನಿಜವೇ. ಆದರೆ ಹೆದರಿದವನನ್ನು ಅವನ ಹೆದರಿಕೆಯೊಡನೆ ಒಂಟಿಯಾಗಿ ಕೋಣೆಯಲ್ಲಿ ಕೂಡಿಹಾಕುವುದು ವಿಶ್ರಾಂತಿಯೆ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಜಾಗಗಳಲ್ಲಿ ಎಡಿನ್‌ಬರೊ ನಗರದ ಕ್ರೇಗ್‌ಲಾಕ್‌ಹಾರ್ಟ್ ಒಂದು. ಮೊದಲು ಜಲಚಿಕಿತ್ಸೆಯ ಭವನವಾಗಿದ್ದ ಅದು 1916ರಿಂದ 1919ರವರೆಗೆ, ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಮನಸ್ಸು ಮುರಿದ ಅಧಿಕಾರಿಗಳ ಆಸ್ಪತ್ರೆಯಾಗಿತ್ತು. ಹಗಲು ಟೆನಿಸ್, ಗಾಲ್ಫ್, ನಾಟಕ. ರಾತ್ರಿ ಕೋಣೆಕೋಣೆಯಲ್ಲಿಯೂ ಚೀತ್ಕಾರ.

ಅಲ್ಲಿನ ಆರ್ಥರ್ ಬ್ರಾಕ್ ಎಂಬ ವೈದ್ಯನು ಗ್ರೀಕ್ ಪಂಡಿತ, ಗ್ಯಾಲೆನ್ನನ ಗ್ರಂಥವನ್ನು ಇಂಗ್ಲಿಷಿಗೆ ತಂದವನು. ಮುಂದೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾದ ಪ್ಯಾಟ್ರಿಕ್ ಗೆಡೆಸನ ಅನುಯಾಯಿ. ನೆಲದಿಂದ ಕಾಲು ಕಿತ್ತೊಡನೆ ಬಲಗುಂದುವ ಆಂಟೀಯಸ್ ಎಂಬ ದೈತ್ಯನ ಕಥೆ ಅವನಿಗೆ ಬಲು ಪ್ರಿಯ. ರೋಗಿಯ ಕಾಲು ಮತ್ತೆ ನೆಲಕ್ಕೆ ತಾಗಬೇಕು, ಎಂದರೆ ಅವನು ನಡೆಯಬೇಕು, ಊರನ್ನು ನೋಡಬೇಕು, ನಾಲ್ಕು ಜನರಿಗೆ ಉಪಯೋಗವಾಗುವ ಕೆಲಸ ಮಾಡಬೇಕು. 1917ರಲ್ಲಿ ಬಂದ ವಿಲ್‌ಫ್ರೆಡ್ ಓವೆನ್ ಅವನ ರೋಗಿ. ಓವೆನ್ ಆಸ್ಪತ್ರೆಯ ‘ಹೈಡ್ರಾ’ ಪತ್ರಿಕೆಯ ಸಂಪಾದಕನಾದನು, ಸಮೀಪದ ಶಾಲೆಯೊಂದರಲ್ಲಿ ಹುಡುಗರಿಗೆ ಪಾಠ ಹೇಳಿದನು, ಕವಿತೆ ಬರೆದನು. ಬ್ರಾಕನಿಗೆ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲವೆಂದೇ ನನ್ನ ಎಣಿಕೆ.

ಆ ಕೀರ್ತಿಯನ್ನೆಲ್ಲ ಪಡೆದವನು ಡಬ್ಲ್ಯು. ಎಚ್. ಆರ್. ರಿವರ್ಸ್. ನಮ್ಮ ನೆರೆಯ ನೀಲಗಿರಿಯಲ್ಲಿ 1901-02ರಲ್ಲಿ ತೋಡರ ನಡುವೆ ಇದ್ದು, 1906ರಲ್ಲಿ ಅವರ ಬಗ್ಗೆ ದೊಡ್ಡ ಗ್ರಂಥವನ್ನು ಪ್ರಕಟಿಸಿದವನು ಇವನೇ. ಸ್ವತಃ ಉಗ್ಗುತ್ತಿದ್ದನು; ಅದಕ್ಕೇ ಇರಬೇಕು, ಕೇಳುವುದರಲ್ಲಿ ತಾಳ್ಮೆ. ಅವನ ಬಳಿ ಬಂದ ರೋಗಿಗಳಿಗೆ ಬಂಧುಗಳೂ ವೈದ್ಯರೂ ಮೊದಲೇ ಒಂದು ಬುದ್ಧಿ ಹೇಳಿರುತ್ತಿದ್ದರು: “ಅದನ್ನೆಲ್ಲ ಮರೆತುಬಿಡು.” ಅವರು ಹಗಲೆಲ್ಲ ಮರೆಯಲು ಹೆಣಗುತ್ತಿದ್ದರು; ಹಗಲು ತಳ್ಳಿದ್ದು ಇರುಳು ಬಂದು ಎದೆಯ ಮೇಲೆ ಕೂರುತ್ತಿತ್ತು. ತಳ್ಳಬೇಡಿ, ನೆನಪಿಗೆ ಬಂದರೆ ಬರಲಿ, ಆದರೆ ಅದನ್ನೇ ಇಡೀ ದಿನ ಮೆಲುಕು ಹಾಕುತ್ತಲೂ ಕೂರಬೇಡಿ ಎಂದನು ರಿವರ್ಸ್. ಎರಡನೆಯ ಮಾತನ್ನು ಅವನ ಅಭಿಮಾನಿಗಳು ಎಷ್ಟೋ ಸಲ ಬಿಟ್ಟುಬಿಡುತ್ತಾರೆ.

ಒಬ್ಬ ಅಧಿಕಾರಿಯು ಛಿದ್ರವಾಗಿ ಬಿದ್ದ ಗೆಳೆಯನ ದೇಹವನ್ನು ಕಂಡಿದ್ದನು. ಕನಸಿನಲ್ಲಿ ಅದೇ ದೇಹ ಹತ್ತಿರ ಹತ್ತಿರ ಬರುತ್ತಿತ್ತು. ಆ ಗಾಯಗಳ ರೀತಿಯನ್ನು ನೋಡಿದರೆ ಗೆಳೆಯನು ಯಾತನೆಪಡದೆ ತತ್‌ಕ್ಷಣವೇ ಸತ್ತಿರಬೇಕೆಂದು ರಿವರ್ಸ್ ತೋರಿಸಿಕೊಟ್ಟನು. ಮತ್ತೆ ಕನಸು ಬಿದ್ದಾಗ ಅವನು ಗೆಳೆಯನ ಬಳಿ ಕುಳಿತನು. ಎಚ್ಚರವಾದಾಗ ಉಳಿದದ್ದು ದುಃಖ, ದಿಗಿಲಲ್ಲ.

ಆದರೆ ಗುಣವಾದವನು ಹೋಗಬೇಕಾದದ್ದೆಲ್ಲಿಗೆ? ಬಹುಮಟ್ಟಿಗೆ ಅದೇ ಸೇನೆಯ ಕರ್ತವ್ಯಕ್ಕೆ. ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ್ದ ಕವಿ ಸಸೂನ್‌ನನ್ನು ಸೇವೆಗೆ ಮರಳಲು ಒಪ್ಪಿಸುವ ಹೊಣೆಯೂ ರಿವರ್ಸನ ಮೇಲಿತ್ತು. ಸಸೂನ್ ಒಪ್ಪಿದನು, ಬದುಕಿಯೂ ಉಳಿದನು. ಓವೆನ್ 1918ರಲ್ಲಿ ಫ್ರಾನ್ಸಿಗೆ ಮರಳಿ, ಯುದ್ಧ ನಿಲ್ಲಲು ಒಂದು ವಾರವಿರುವಾಗ, ನವೆಂಬರ್ 4ರಂದು ಮಡಿದನು. ಚಿಕಿತ್ಸೆ ಗೆದ್ದಿತೆನ್ನೋಣವೆ, ಸೋತಿತೆನ್ನೋಣವೆ?

ರಿವರ್ಸ್ ತಾನು ಸೋತ ಪ್ರಸಂಗವನ್ನೂ 1917ರ ಡಿಸೆಂಬರಿನ ಒಂದು ಉಪನ್ಯಾಸದಲ್ಲಿ ಮುಚ್ಚಿಡದೆ ಹೇಳಿದನು. ಷೆಲ್ ಸಿಡಿದು ಎಸೆಯಲ್ಪಟ್ಟ ಒಬ್ಬ ಅಧಿಕಾರಿಯ ಮುಖ ಕೊಳೆತ ಹೆಣದ ಮೇಲೆ ಬಿದ್ದಿತ್ತು. ಆ ರುಚಿ, ಆ ವಾಸನೆ ಬಿಡುತ್ತಲೇ ಇರಲಿಲ್ಲ. ಅದರಲ್ಲಿ ಸಮಾಧಾನಕ್ಕೆ ಹಿಡಿದುಕೊಳ್ಳಬಹುದಾದ ಎಳೆಯೊಂದೂ ವೈದ್ಯನಿಗೆ ಸಿಕ್ಕಲಿಲ್ಲ. ಅವನನ್ನು ಹಳ್ಳಿಗಾಡಿಗೆ ಹೋಗಬಿಡುವುದೇ ಲೇಸೆಂದು ತೀರ್ಮಾನವಾಯಿತು. ಹಿಂದೊಮ್ಮೆ ಅವನಿಗೆ ಕೊಂಚ ನೆಮ್ಮದಿ ದೊರೆತದ್ದು ಅಲ್ಲಿಯೇ. ಅವನು ಸೈನ್ಯವನ್ನು ಬಿಟ್ಟು ಹೋದನು.