ಡ್ರಮ್ಮಿನ ಹುಡುಗರ ಹೆಬ್ಬೆರಳು

ಪ್ರಷ್ಯಾದ ದಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರನ್ನು ಒಂದು ವಿಚಿತ್ರ ತೊಂದರೆ ಕಾಡುತ್ತಿತ್ತು. ಎಡಗೈ ಹೆಬ್ಬೆರಳಿನ ತುದಿ ಇದ್ದಕ್ಕಿದ್ದಂತೆ ಜೋತುಬೀಳುತ್ತಿತ್ತು. ಗಾಯವಿಲ್ಲ, ರಕ್ತವಿಲ್ಲ, ಆದರೂ ಎಷ್ಟು ಹೆಣಗಿದರೂ ಬೆರಳು ನೆಟ್ಟಗಾಗದು. ಅದಕ್ಕೆ ಬಿದ್ದ ಹೆಸರು ‘ಟ್ರೊಮ್ಲರ್‌ಲೇಮುಂಗ್’, ಅಂದರೆ ಡ್ರಮ್ ಬಾರಿಸುವವರ ಲಕ್ವ.

ಎಡಗೈಯೇ ಏಕೆ? ಡ್ರಮ್ಮು ಎಡ ತೊಡೆಯ ಪಕ್ಕಕ್ಕೆ ಓರೆಯಾಗಿ ತೂಗುತ್ತಿತ್ತು. ಹಾಗಾಗಿ ಎಡಗೈ ಅಂಗೈಯನ್ನು ಮೇಲ್ಮಾಡಿ, ಕೋಲನ್ನು ಹೆಬ್ಬೆರಳಿನ ಬುಡದ ಸಂದಿಯಲ್ಲಿ ಸಿಕ್ಕಿಸಿಕೊಂಡು ಬಾರಿಸಬೇಕಿತ್ತು.

ಲಕ್ವ ಎಂಬ ಹೆಸರೇ ದಾರಿ ತಪ್ಪಿಸಿತು. ನರಕ್ಕೆ ಏನೂ ಆಗಿರಲಿಲ್ಲ. ಬೆರಳನ್ನು ಮೇಲೆತ್ತುವ ಸ್ನಾಯುರಜ್ಜು ಹರಿದಿತ್ತು. ಫ್ರಾನ್ಸಿನ ಶಸ್ತ್ರವೈದ್ಯ ದುಪ್ಲೇ 1876ರಲ್ಲೇ ಈ ರಜ್ಜು ಹರಿದದ್ದನ್ನು ವರ್ಣಿಸಿದ್ದ. ಪ್ರಷ್ಯಾದ ಡ್ರಮ್ ವಾದಕರಲ್ಲಿ ಆಗುತ್ತಿದ್ದುದೂ ಅದೇ ಎಂದು 1896ರಲ್ಲಿ ವೈದ್ಯ ಡ್ಯೂಮ್ಸ್ ಬರೆದ.

ಮಣಿಕಟ್ಟಿನ ಹಿಂಬದಿಯನ್ನು ಸವರಿದರೆ ಮೂಳೆಯ ಸಣ್ಣ ಗಂಟೊಂದು ಕೈಗೆ ತಾಗುತ್ತದೆ. ಅದಕ್ಕೆ ಶಸ್ತ್ರವೈದ್ಯ ಲಿಸ್ಟರನ ಹೆಸರಿದೆ. ರಾಟೆಗೆ ಸುತ್ತಿದ ಹಗ್ಗದಂತೆ ಈ ರಜ್ಜು ಅದನ್ನು ಬಳಸಿ ಹೆಬ್ಬೆರಳಿನತ್ತ ತಿರುಗುತ್ತದೆ. ಅಲ್ಲಿ ರಕ್ತದ ಪೂರೈಕೆ ತೀರಾ ಕಡಿಮೆ. ತಿಕ್ಕಾಟ ನಿಲ್ಲದಿದ್ದರೆ ಎಳೆ ಎಳೆಯಾಗಿ ಸವೆದು ಒಂದು ದಿನ ಕಿತ್ತುಹೋಗುತ್ತದೆ. ಮಣಿಕಟ್ಟಿನ ಮೂಳೆ ಬಿರುಕುಬಿಟ್ಟು ಕೆಲವು ವಾರಗಳಾದ ಮೇಲೆ ಇಂದಿಗೂ ಕೆಲವರಿಗೆ ಹೀಗೆ ಆಗುವುದುಂಟು.

ನರ ಸೋತದ್ದಕ್ಕೂ ರಜ್ಜು ಹರಿದದ್ದಕ್ಕೂ ಇರುವ ವ್ಯತ್ಯಾಸವನ್ನು ಕೈಯೇ ಹೇಳುತ್ತದೆ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಹೆಬ್ಬೆರಳನ್ನಷ್ಟೇ ಎತ್ತಲು ಹೇಳಬೇಕು. ರಜ್ಜು ಹರಿದಿದ್ದರೆ ಅದು ಮೇಜು ಬಿಟ್ಟೇಳದು, ಉಳಿದ ಬೆರಳುಗಳು ಮಾತ್ರ ಸಲೀಸಾಗಿ ಏಳುತ್ತವೆ. ಹೆಬ್ಬೆರಳಿನ ಈ ಸ್ನಾಯುವಿಗೆ ಹೋಗುವ ನರವೇ ಬೆರಳುಗಳ ಬುಡವನ್ನು ಎತ್ತುವ ಸ್ನಾಯುಗಳಿಗೂ ಹೋಗುವುದರಿಂದ, ಅದು ಸೋತಾಗ ಸಾಮಾನ್ಯವಾಗಿ ಉಳಿದ ಬೆರಳುಗಳೂ ಸೋಲುತ್ತವೆ. ಪೆಟ್ಟು ತೋಳಿನ ಮೇಲ್ಭಾಗದಲ್ಲಿದ್ದರೆ ಮಣಿಕಟ್ಟೇ ಜೋಲುತ್ತದೆ. ಇನ್ನೊಂದು ಗುರುತಿದೆ: ವೈದ್ಯರು ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿದಾಗ, ರಜ್ಜು ಗಟ್ಟಿಯಿದ್ದರೆ ಹೆಬ್ಬೆರಳು ತಾನಾಗಿ ನೆಟ್ಟಗಾಗುತ್ತದೆ, ಹರಿದಿದ್ದರೆ ಎಳೆತವೇ ಇರುವುದಿಲ್ಲ.

ಈ ಗೊಂದಲ ಜರ್ಮನರದ್ದು ಮಾತ್ರವಲ್ಲ. ನಮ್ಮ ಆಡುಮಾತಿನಲ್ಲೂ ಕೈ ಮೇಲೆ ನೀಲಿಯಾಗಿ ಕಾಣುವುದು, ಹಿಮ್ಮಡಿಯ ಮೇಲೆ ಬಿಗಿಯುವುದು, ಮಿದುಳಿನ ಸಂದೇಶ ಒಯ್ಯುವುದು ಎಲ್ಲವೂ ‘ನರ’ವೇ. ಆದರೆ ಚಿಕಿತ್ಸೆಯ ದಾರಿಗಳು ಬೇರೆ. ಒತ್ತಡಕ್ಕೆ ಸಿಕ್ಕಿ ಸೋತ ನರ ಎಷ್ಟೋ ಸಲ ಕಾದರೆ ಚೇತರಿಸಿಕೊಳ್ಳುತ್ತದೆ. ಹೀಗೆ ಸವೆದು ಹರಿದ ರಜ್ಜು ಕಾದಷ್ಟೂ ಕುಗ್ಗುತ್ತದೆ. ಅದರ ತುದಿಗಳನ್ನು ಹೊಲಿಯಲಾಗದೆ ಶಸ್ತ್ರವೈದ್ಯರು ತೋರುಬೆರಳಿನಿಂದ ಸಾಲ ತರುತ್ತಾರೆ: ಅದನ್ನು ಎತ್ತಲು ಎರಡು ರಜ್ಜುಗಳಿವೆ, ಒಂದನ್ನು ಹೆಬ್ಬೆರಳಿಗೆ ಜೋಡಿಸಿದರೂ ತೋರುಬೆರಳು ಮೇಲೇಳುತ್ತದೆ.