ಬಂಡೆಯಂಚಿನ ರಕ್ಷಾಸಾಧನಗಳು: ಮ್ಯಾನ್ಬಿಯ ಫಿರಂಗಿಯಿಂದ ಏಂಜೆಲ್ ರಿಂಗ್‌ವರೆಗೆ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2016ರಲ್ಲಿ ‘ರಾಕ್ ಫಿಶಿಂಗ್ ಸೇಫ್ಟಿ ಆಕ್ಟ್’ ಎಂಬ ಪುಟ್ಟ ಕಾಯ್ದೆಯೊಂದನ್ನು ತಂದಿತು. ಅಪಾಯದ ತಾಣ ಎಂದು ಘೋಷಣೆಯಾದ ಕಡಲಬಂಡೆಗಳ ಮೇಲೆ ಗಾಳ ಹಾಕುವವರು ಲೈಫ್ ಜಾಕೆಟ್ ತೊಟ್ಟಿರಲೇಬೇಕು, ತಪ್ಪಿದರೆ 100 ಡಾಲರ್ ದಂಡ. ಕಾಯ್ದೆಯ ತಿರುಳು ಇಷ್ಟೇ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇಲ್ಲೊಂದು ತೊಡಕು ಕಾಣುತ್ತದೆ. ಮೈಗೆ ತೊಡುವ ಕಾರ್ಕ್ ಜಾಕೆಟ್ ಬ್ರಿಟನ್ನಿನಲ್ಲಿ ಬಳಕೆಗೆ ಬಂದದ್ದು 1854ರಲ್ಲಿ. ಸಿಡ್ನಿಯ ಸುತ್ತಲಿನ ಬಂಡೆಗಳ ಮೇಲೆ ಜನ ಮೀನು ಹಿಡಿಯುತ್ತಿದ್ದದ್ದು ಅದಕ್ಕೂ ಬಹಳ ಹಿಂದಿನಿಂದ. ಅಲ್ಲಿನ ಮೂಲನಿವಾಸಿ ಗಂಡಸರು ಬಂಡೆಯ ಮೇಲಿಂದ ಕವಲು ಈಟಿ ಎಸೆಯುತ್ತಿದ್ದುದನ್ನು ಮೊದಲ ವಸಾಹತಿನವರೇ ಬರೆದಿಟ್ಟಿದ್ದಾರೆ. ಸಾಧನವೂ ಇತ್ತು, ಅಪಾಯವೂ ಇತ್ತು. ಎರಡೂ ಒಂದೆಡೆ ಸೇರಲು ನೂರಾ ಅರುವತ್ತು ವರ್ಷ ಏಕೆ ಬೇಕಾಯಿತು?

ಬಂಡೆ ಯಾರ ಲೆಕ್ಕಕ್ಕೂ ಸೇರದ ಜಾಗವಾಗಿತ್ತು ಎಂಬುದು ಈ ಲೇಖನದ ವಾದ. ಜೀವರಕ್ಷಕ ಸಾಧನಗಳ ಚರಿತ್ರೆ ಉದ್ದಕ್ಕೂ ಇಬ್ಬರನ್ನು ಕಣ್ಣಮುಂದಿಟ್ಟುಕೊಂಡು ನಡೆದಿದೆ. ಒಬ್ಬ ಹಡಗಿನವನು, ಇನ್ನೊಬ್ಬ ಕಡಲಸ್ನಾನಕ್ಕೆ ಬಂದವನು. ಗಾಳದವನು ಇವರಲ್ಲಿ ಯಾರೂ ಅಲ್ಲ. ಅವನು ನೀರಿಗಿಳಿಯಲು ಬಂದವನಲ್ಲ, ದೋಣಿ ಹತ್ತಿದವನೂ ಅಲ್ಲ. ತನ್ನ ಲೆಕ್ಕದಲ್ಲಿ ಅವನು ನೆಲದ ಮೇಲೇ ನಿಂತಿದ್ದಾನೆ. ಹೀಗಾಗಿ ಅವನ ಕೈಗೆ ಬಂದ ಸಾಧನವೆಲ್ಲ ಬೇರೆಯವರ ಅಗತ್ಯಕ್ಕೆ ಹುಟ್ಟಿ, ತಡವಾಗಿ ಎರವಲು ಬಂದದ್ದು.

ಮೊದಲು ಅಪಾಯದ ಸ್ವರೂಪ ನೋಡೋಣ. ಹವಾಮಾನ ವರದಿ ಹೇಳುವ ಅಲೆಯ ಎತ್ತರ ಎಂದರೆ, ಎದ್ದ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ. ಎರಡು ಮೀಟರ್ ಎಂದು ವರದಿಯಾದ ದಿನ ಕೆಲವು ಗಂಟೆಗಳ ಅವಧಿಯಲ್ಲಿ ಒಂದಾದರೂ ಅಲೆ ಅದರ ಇಮ್ಮಡಿಯಷ್ಟು ಏಳುವುದು ಸಹಜ. ಗಾಳದವನು ಬಂದು ಹತ್ತು ನಿಮಿಷ ಕಡಲು ನೋಡುತ್ತಾನೆ, ಬಂಡೆ ಒಣಗಿದೆ ಎಂದು ನಿರ್ಧರಿಸಿ ಅಂಚಿಗೆ ಹೋಗುತ್ತಾನೆ. ಆ ದೊಡ್ಡ ಅಲೆ ಮುಕ್ಕಾಲು ಗಂಟೆಯ ಬಳಿಕ ಬರುತ್ತದೆ. ದೂರದ ಬಿರುಗಾಳಿಯಿಂದ ಹೊರಟ ಉದ್ದನೆಯ ತೆರೆಗಳಾದರೆ ಇನ್ನೂ ಮೋಸ: ಆಳ ನೀರಿನಲ್ಲಿ ಅವು ಕಣ್ಣಿಗೇ ಬೀಳುವುದಿಲ್ಲ, ಬಂಡೆಯ ಬುಡಕ್ಕೆ ಬಂದಾಗಷ್ಟೇ ಎದ್ದು ನಿಲ್ಲುತ್ತವೆ. ಬಿದ್ದವನನ್ನು ಕೊಲ್ಲುವುದು ಬರೀ ಮುಳುಗುವಿಕೆಯಲ್ಲ. ಮೇಲೇರಲು ಹವಣಿಸುವವನನ್ನು ಮುಂದಿನ ಅಲೆ ಚೂಪು ಚಿಪ್ಪುಗಳು ಕಚ್ಚಿಕೊಂಡ ಕಲ್ಲಿಗೆ ಅಪ್ಪಳಿಸುತ್ತದೆ, ತಲೆಗೆ ಪೆಟ್ಟು ಬೀಳುತ್ತದೆ, ಹಾಕಿಕೊಂಡ ದಪ್ಪ ಬಟ್ಟೆ ಬೂಟುಗಳೊಳಗೆ ನೀರು ತುಂಬಿ ಈಜು ಸಾಗದಾಗುತ್ತದೆ. ಬಿದ್ದವನು ಬಂಡೆಯಿಂದ ದೂರಕ್ಕೆ, ಕಡಲಿನತ್ತಲೇ ಈಜಬೇಕು, ಅಲ್ಲಿ ತೇಲುತ್ತ ಸಹಾಯಕ್ಕೆ ಕಾಯಬೇಕು ಎಂದು ಆಸ್ಟ್ರೇಲಿಯಾದ ರಕ್ಷಣಾ ಸಂಸ್ಥೆಗಳು ಹೇಳುವುದು ಇದೇ ಕಾರಣಕ್ಕೆ. ಈ ಸಲಹೆ ಪಾಲಿಸಲು ತೇಲಿಸುವ ವಸ್ತುವೊಂದು ಬೇಕು. ಅದು ಎರಡು ದಾರಿಯಲ್ಲಿ ಸಿಗಬಹುದು: ದಡದಿಂದ ಯಾರಾದರೂ ಎಸೆಯಬೇಕು, ಇಲ್ಲವೇ ಮೈಮೇಲೇ ಇರಬೇಕು.

ಎರಡು ದಾರಿಗೂ ಬೇರೆ ಬೇರೆ ವಂಶಾವಳಿ ಇದೆ. ದಡದಿಂದ ಎಸೆಯುವ ಸಾಧನದ ಹಿರಿಯ ಕ್ಯಾಪ್ಟನ್ ಜಾರ್ಜ್ ವಿಲಿಯಂ ಮ್ಯಾನ್ಬಿ. 1807ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಬಳಿ ‘ಸ್ನೈಪ್’ ಎಂಬ ನೌಕೆ ದಡಕ್ಕೆ ಕೂಗಳತೆಯಲ್ಲಿ ಒಡೆದು, ನೋಡುತ್ತ ನಿಂತವರ ಕಣ್ಣೆದುರೇ ಜನ ಸತ್ತರು. ಮರುವರ್ಷವೇ ಮ್ಯಾನ್ಬಿ ಸಣ್ಣ ಫಿರಂಗಿಯಿಂದ ಹಗ್ಗ ಕಟ್ಟಿದ ಗುಂಡನ್ನು ಹಾರಿಸುವ ಉಪಾಯ ಹೂಡಿ, ‘ಎಲಿಜಬೆತ್’ ಎಂಬ ಹಡಗಿನ ಏಳು ಮಂದಿಯನ್ನು ದಡಕ್ಕೆ ತಂದ. ಗುಂಡು ಚಿಮ್ಮುವ ಜಗ್ಗಿಗೆ ಹಗ್ಗ ತುಂಡಾಗುತ್ತಿತ್ತು. ಗುಂಡಿಗೂ ಹಗ್ಗಕ್ಕೂ ನಡುವೆ ಹಸಿ ಚರ್ಮದ ಹೆಣಿಗೆ ಸೇರಿಸಿ ಅವನು ಅದನ್ನು ಬಗೆಹರಿಸಿದ. 1807ರ ಕೊನೆಗೆ ಕಾರ್ನ್‌ವಾಲ್‌ನಲ್ಲಿ ‘ಆನ್ಸನ್’ ನೌಕೆ ಒಡೆದದ್ದನ್ನು ಕಂಡ ಹೆನ್ರಿ ಟ್ರೆಂಗ್ರೌಸ್ ಇದೇ ಕೆಲಸವನ್ನು ರಾಕೆಟ್ಟಿನಿಂದ ಮಾಡಲು ಹೊರಟ. ಎರಡಕ್ಕೂ ದಡದಲ್ಲಿ ಪಳಗಿದ ಕೈಗಳು ಬೇಕಿದ್ದವು.

ಕೈಗಳೇ ಇಲ್ಲದ ತೀರಕ್ಕೆ ಏನು ಮಾಡಬೇಕೆಂದು ಮೊದಲು ಯೋಚಿಸಿದವರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಹ್ಯೂಮೇನ್ ಸೊಸೈಟಿಯವರು ಮುಖ್ಯರು. 1780ರ ದಶಕದ ಕೊನೆಯಲ್ಲಿ ಅವರು ನಿರ್ಜನ ತೀರಗಳಲ್ಲಿ ಪುಟ್ಟ ಗುಡಿಸಲು ಕಟ್ಟಿಸಿ, ಹಡಗೊಡೆದು ದಡ ಸೇರಿದವರಿಗೆ ಆಸರೆಯಾಗಲೆಂದು ಅವನ್ನು ಹಾಗೇ ಬಿಟ್ಟುಹೋಗುವ ಪದ್ಧತಿ ಆರಂಭಿಸಿದರು. ಕಾವಲಿಲ್ಲದ ಸಾಧನಕ್ಕೆ ಬರುವ ಗತಿ ಇವಕ್ಕೂ ಬಂತು. ಹೆನ್ರಿ ಡೇವಿಡ್ ಥೋರೋ ತನ್ನ ‘ಕೇಪ್ ಕಾಡ್’ ಪುಸ್ತಕದಲ್ಲಿ ಇಂಥದೊಂದು ಮನೆಯ ಹಲಗೆಯ ಗಂಟುತೂತಿಗೆ ಕಣ್ಣಿಟ್ಟು ನೋಡಿದ್ದನ್ನು ವ್ಯಂಗ್ಯವಾಗಿ ಬರೆದಿದ್ದಾನೆ. ಒಳಗೆ ಅವನಿಗೆ ಕಂಡದ್ದು ಕೆಲವು ಕಲ್ಲು, ಒಂದಿಷ್ಟು ಉಣ್ಣೆಯ ಉಂಡೆ, ಖಾಲಿ ಒಲೆ. ಈ ಖಾಲಿ ಮನೆಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮೈಮೇಲಿನ ಸಾಧನದ ಕತೆ ಬೇರೆ. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಮಕ್ಕಳನ್ನು ಬಾವಿಗಿಳಿಸುತ್ತಿದ್ದವರಿಗೆ ತತ್ತ್ವ ಹೊಸದಲ್ಲ. ಹೊಸದಾಗಿ ಬೇಕಿದ್ದದ್ದು, ಕೈಕಾಲು ಕಟ್ಟಿಹಾಕದೆ ದುಡಿಯಲು ಬಿಡುವ ತೇಲುಡುಪು. ಬ್ರಿಟನ್ನಿನ ಆರ್‌ಎನ್‌ಎಲ್‌ಐ ರಕ್ಷಣಾದೋಣಿ ಸಂಸ್ಥೆಯ ಇನ್‌ಸ್ಪೆಕ್ಟರ್ ಕ್ಯಾಪ್ಟನ್ ಜಾನ್ ರಾಸ್ ವಾರ್ಡ್ 1854ರಲ್ಲಿ ಅದನ್ನು ರೂಪಿಸಿದ. ಕ್ಯಾನ್ವಾಸ್ ಬಟ್ಟೆಗೆ ಕಿರಿದಾದ ಕಾರ್ಕ್ ತುಂಡುಗಳನ್ನು ಸಾಲಾಗಿ ಹೊಲಿದು, ಎದೆಗೊಂದು ಸಾಲು, ಹೊಟ್ಟೆಗೊಂದು ಸಾಲು ಬರುವಂತೆ ಮಾಡಿ, ಹುಟ್ಟು ಹಾಕುವವನು ಸೊಂಟ ಬಗ್ಗಿಸಲು ನಡುವೆ ಎಡೆ ಬಿಟ್ಟಿದ್ದ. ದೋಣಿಯವರು ಇದನ್ನು ಮನಸಾರೆ ಒಪ್ಪಿಕೊಂಡರೆಂದಲ್ಲ. 1861ರ ಫೆಬ್ರವರಿ 9ರಂದು ವಿಟ್ಬಿಯಲ್ಲಿ ರಕ್ಷಣಾದೋಣಿ ಮಗುಚಿ ಹದಿಮೂರು ಮಂದಿಯಲ್ಲಿ ಹನ್ನೆರಡು ಮಂದಿ ಸತ್ತರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಕಾರ್ಕ್ ಜಾಕೆಟ್ ತೊಟ್ಟಿದ್ದವನೂ ಅವನೇ. ಮುಂದೆ ಫ್ರಾಂಕ್ ಮೆಡೋ ಸಟ್‌ಕ್ಲಿಫ್ ತೆಗೆದ ಫೋಟೊದಲ್ಲಿ ಗಡ್ಡದ ಫ್ರೀಮನ್ ಆ ಜಾಕೆಟ್ ತೊಟ್ಟೇ ನಿಂತಿದ್ದಾನೆ. ಅದಕ್ಕಿಂತ ಒಳ್ಳೆಯ ಜಾಹೀರಾತು ಆ ಉಡುಪಿಗೆ ಸಿಕ್ಕಿರಲಾರದು. 1904ರಲ್ಲಿ ಕಾರ್ಕಿನ ಜಾಗಕ್ಕೆ ಕಪೋಕ್, ಅಂದರೆ ನಾವು ದಿಂಬಿಗೆ ತುಂಬುವ ಬಿಳಿ ಬೂರುಗದ ಹತ್ತಿ ಬಂತು. 1928ರಲ್ಲಿ ಪೀಟರ್ ಮಾರ್ಕಸ್ ಗಾಳಿ ತುಂಬುವ ಜಾಕೆಟ್ಟಿಗೆ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದ ವಿಮಾನ ಸಿಬ್ಬಂದಿ ‘ಮೇ ವೆಸ್ಟ್’ ಎಂದು ಕರೆದದ್ದು ಈ ಜಾತಿಯದನ್ನೇ. ಕಾರ್ಕ್, ಬೂರುಗ, ಗಾಳಿ ಎಲ್ಲವೂ ಹಡಗು, ದೋಣಿ, ವಿಮಾನದವರಿಗಾಗಿ ಬಂದವು.

ಆಸ್ಟ್ರೇಲಿಯಾ ತನ್ನದೇ ಆದ ಸಾಧನ ಸೃಷ್ಟಿಸಿದ್ದು ಮರಳುತೀರಕ್ಕಾಗಿ. 1906ರ ಕೊನೆಗೆ ಸಿಡ್ನಿಯ ಬಾಂಡಿಯಲ್ಲಿ ಪ್ರದರ್ಶನಗೊಂಡ ಸರ್ಫ್ ರೀಲ್ ದೊಡ್ಡದೊಂದು ಹಗ್ಗದ ರಾಟೆ. ಈಜುಗಾರ ಸೊಂಟಪಟ್ಟಿಗೆ ಹಗ್ಗ ಬಿಗಿದುಕೊಂಡು ಹೋಗುತ್ತಾನೆ, ದಡದವರು ಎಳೆದುಕೊಳ್ಳುತ್ತಾರೆ. ದಶಕಗಟ್ಟಲೆ ಅದು ಆ ದೇಶದ ತೀರಸಂಸ್ಕೃತಿಯ ಲಾಂಛನದಂತಿತ್ತು. ಆದರೆ ಈ ರೀಲಿಗೆ ಸಮತಟ್ಟು ಮರಳು ಬೇಕು, ಸಾಲಾಗಿ ನಿಲ್ಲುವ ಆರೇಳು ಜನ ಬೇಕು. ಅದೇ ಬಾಂಡಿಯಿಂದ ತುಸು ದೂರದ ಕಡಿದಾದ ಬಂಡೆಯ ಮೇಲೆ ನಸುಕಿನಲ್ಲಿ ಒಂಟಿಯಾಗಿ ನಿಂತವನಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಬಹುಕಾಲ ಅವನ ರಕ್ಷಾಸಾಧನ ಎಂದರೆ ಬೂಟಿನಡಿಯ ಮೊಳೆಗಳಷ್ಟೇ. ಅವು ಪಾಚಿಯ ಮೇಲೆ ಜಾರುವುದನ್ನು ತಡೆಯುತ್ತವೆ, ಎದೆಮಟ್ಟ ಬಂದ ಅಲೆಯನ್ನಲ್ಲ. ನುರಿತವರಲ್ಲಿ ಒಂದು ಗತ್ತೂ ಇತ್ತು: ಕಡಲು ಓದಬಲ್ಲವನಿಗೆ ಜಾಕೆಟ್ ಏಕೆ? ಜಪಾನಿನಲ್ಲಿ ಈ ಗತ್ತು ಅಷ್ಟಾಗಿ ಬೇರೂರಲಿಲ್ಲ. ‘ಇಸೊಜುರಿ’ ಎಂದು ಕರೆಸಿಕೊಳ್ಳುವ ಅಲ್ಲಿನ ಬಂಡೆಗಾಳದ ಪರಂಪರೆಯಲ್ಲಿ ಹಲವರನ್ನು ದೋಣಿಯೇ ನಡುಗಡಲ ಬಂಡೆಗೆ ಇಳಿಸಿ ಬರುತ್ತದೆ. ಮೊಳೆಬೂಟು, ತೊಡೆಸಂದಿನ ಪಟ್ಟಿಯಿರುವ ತೇಲು ವೆಸ್ಟು, ಅದರ ತುಂಬ ಜೇಬುಗಳು ಅಲ್ಲಿ ವೇಷದ ಭಾಗವೇ ಆಗಿಹೋದವು. ಗಾಳದ ಸಾಮಾನು ಇಡಲು ವೆಸ್ಟು ಹೇಗೂ ಬೇಕು. ಅದೇ ತೇಲುವಂತಿದ್ದರೆ ಯಾರ ಮಾನವೂ ಹೋಗುವುದಿಲ್ಲ. ನನ್ನ ಮಟ್ಟಿಗೆ ಈ ಜೇಬುಗಳು ಮಾಡಿದಷ್ಟು ಕೆಲಸವನ್ನು ಯಾವ ಕರಪತ್ರವೂ ಮಾಡಿಲ್ಲ.

ನ್ಯೂ ಸೌತ್ ವೇಲ್ಸ್‌ನಲ್ಲಿ ಬಂಡೆಗೆಂದೇ ಒಂದು ವ್ಯವಸ್ಥೆ ಬಂದದ್ದು 1990ರ ದಶಕದಲ್ಲಿ, ಅದೂ ಸರ್ಕಾರದಿಂದಲ್ಲ, ಹವ್ಯಾಸಿ ಗಾಳದವರ ಸಂಘದಿಂದ. ಆಸ್ಟ್ರೇಲಿಯನ್ ನ್ಯಾಷನಲ್ ಸ್ಪೋರ್ಟ್‌ಫಿಶಿಂಗ್ ಅಸೋಸಿಯೇಷನ್ನಿನ ರಾಜ್ಯ ಶಾಖೆ ‘ಏಂಜೆಲ್ ರಿಂಗ್’ ಯೋಜನೆ ಆರಂಭಿಸಿತು. ಬಂಡೆಯಲ್ಲಿ ರಂಧ್ರ ಕೊರೆದು ಕಂಬ ನೆಟ್ಟು, ಅದಕ್ಕೆ ಲೈಫ್ ರಿಂಗ್ ತೂಗುಹಾಕಿ, ಬಳಸುವ ಬಗೆಯನ್ನು ಚಿತ್ರದಲ್ಲಿ ಬರೆದಿಡುವುದು. ನೋಡಲು ಸರಳ, ಆದರೆ ಇದರಲ್ಲಿ ಸೂಕ್ಷ್ಮವೊಂದಿದೆ. ಬಂಡೆಯ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವುದು ಜೋಡಿ ಸಾವು: ಬಿದ್ದ ಅಣ್ಣನ ಹಿಂದೆ ತಮ್ಮ, ಗೆಳೆಯನ ಹಿಂದೆ ಗೆಳೆಯ ಹಾರುತ್ತಾರೆ. ಕೈಕಟ್ಟಿ ನಿಲ್ಲಲಾರದೆ ಹಾರುತ್ತಾರೆ. ಏಂಜೆಲ್ ರಿಂಗ್ ಬಿದ್ದವನನ್ನು ತೇಲಿಸುವಷ್ಟೇ ಮುಖ್ಯವಾಗಿ, ಮೇಲಿರುವವನ ಕೈಗೆ ಹಾರುವುದನ್ನು ಬಿಟ್ಟು ಬೇರೊಂದು ಕೆಲಸ ಕೊಡುತ್ತದೆ. ಬಿದ್ದವನನ್ನು ಅದರಿಂದ ಮೇಲೆಳೆಯಬೇಕಿಲ್ಲ, ಎಳೆಯಲೂಬಾರದು; ಹೆಲಿಕಾಪ್ಟರೋ ದೋಣಿಯೋ ಬರುವತನಕ ಅವನು ಅಪ್ಪಿ ಹಿಡಿದಿದ್ದರೆ ಸಾಕು.

ಥೋರೋ ಕಂಡ ಖಾಲಿ ಮನೆ ಇಲ್ಲಿ ಮತ್ತೆ ಬರುತ್ತದೆ. ಕಾವಲಿಲ್ಲದ ರಿಂಗುಗಳು ಕಳವಾಗುತ್ತವೆ, ಬಿರುಗಾಳಿಗೆ ಕಿತ್ತುಹೋಗುತ್ತವೆ, ಉಪ್ಪುಗಾಳಿಗೆ ಕಂಬ ತುಕ್ಕು ಹಿಡಿಯುತ್ತದೆ. ಸ್ವಯಂಸೇವಕರು ತಿರುಗಿ ತಿರುಗಿ ನೋಡದೆ ವಿಧಿಯಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು: ರಿಂಗು ಎಸೆಯಲು ಇನ್ನೊಬ್ಬರು ಬೇಕು. ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿ ಬಳಿಯ ಸ್ಯಾಲ್ಮನ್ ಹೋಲ್ಸ್‌ನಂಥ ಕುಖ್ಯಾತ ತಾಣದಲ್ಲಿ ಬಂಡೆಗೆ ಕೊಕ್ಕೆ ಬಡಿದು, ಗಾಳದವನು ಹಗ್ಗದಿಂದ ತನ್ನನ್ನು ಕಟ್ಟಿಕೊಳ್ಳುವ ಏರ್ಪಾಡನ್ನೂ ಮಾಡಿದರು. ಒಂಟಿಗನಿಗೆ ಉತ್ತರ ಸಿಕ್ಕಂತಾಯಿತು, ಆದರೆ ಹಗ್ಗ ಉದ್ದವಾದರೆ ಕಟ್ಟಿಕೊಂಡವನು ಬಂಡೆಯ ಬುಡದಲ್ಲೇ ಜೋತಾಡಬೇಕಾದೀತು.

ಇಷ್ಟೆಲ್ಲ ಸುತ್ತಿ ಚರ್ಚೆ ಮೈಮೇಲಿನ ಸಾಧನಕ್ಕೇ ಮರಳಿತು. ನ್ಯೂಜಿಲೆಂಡಿನ ಆಕ್ಲೆಂಡ್ ಪಶ್ಚಿಮ ತೀರದಲ್ಲಿ 2006ರಿಂದ ನಡೆದ ಬಂಡೆಗಾಳ ಸುರಕ್ಷಾ ಯೋಜನೆ ಇದಕ್ಕೆ ಪುರಾವೆ ಒದಗಿಸಿತು. ಅಲ್ಲಿ ರಿಂಗು ನೆಟ್ಟದ್ದಷ್ಟೇ ಅಲ್ಲ, ಕಾರ್ಯಕರ್ತರು ಬೇಸಿಗೆಯಲ್ಲಿ ಬಂಡೆಗೇ ನಡೆದು ಹೋಗಿ ಗಾಳದವರೊಡನೆ ಮಾತಾಡಿದರು. ಸಂಶೋಧಕ ಕೆವಿನ್ ಮೊರಾನ್ ವರ್ಷ ವರ್ಷ ಅವರ ಅಭಿಪ್ರಾಯ, ಅಭ್ಯಾಸಗಳನ್ನು ದಾಖಲಿಸುತ್ತ ಬಂದು, ಲೈಫ್ ಜಾಕೆಟ್ ತೊಡುವವರು ಹೆಚ್ಚಾದದ್ದನ್ನು ತೋರಿಸಿದರು. ಸಿಡ್ನಿಯಲ್ಲಿ, ಬಂಡೆಯ ಹಲವು ಸಾವುಗಳನ್ನು ಒಟ್ಟಿಗೆ ವಿಚಾರಿಸಿದ ಕೊರೋನರ್ 2015ರಲ್ಲಿ ಜಾಕೆಟ್ ಕಡ್ಡಾಯಕ್ಕೆ ಶಿಫಾರಸು ಮಾಡಿದರು. ಮರುವರ್ಷದ ಕಾಯ್ದೆ ಮೊದಲು ಅನ್ವಯವಾದದ್ದು ರ‍್ಯಾಂಡ್‌ವಿಕ್ ನಗರಸಭೆಯ ತೀರಕ್ಕೆ. ಆರಂಭದಲ್ಲಿ ಎಚ್ಚರಿಕೆ, ಆಮೇಲೆ ದಂಡ. ಸ್ಥಳೀಯ ಸಂಸ್ಥೆ ಒಪ್ಪಿದರಷ್ಟೇ ಘೋಷಣೆ ಎಂಬ ಏರ್ಪಾಡಿನಿಂದಾಗಿ ಒಂದು ಬಂಡೆಯಲ್ಲಿ ಕಡ್ಡಾಯ, ನಾಲ್ಕು ಮೈಲಿಯಾಚೆ ಐಚ್ಛಿಕ. 2021ರ ಜನವರಿಯಲ್ಲಿ ಅದೇ ರಾಜ್ಯದ ಪೋರ್ಟ್ ಕೆಂಬ್ಲಾದ ಹಿಲ್ 60 ಬಂಡೆಗಳಲ್ಲಿ ಒಂದೇ ರಾತ್ರಿ ಮೂವರು ಸತ್ತಾಗ ಈ ಹರಕು ಮತ್ತೆ ಚರ್ಚೆಗೆ ಬಂತು. ನಮ್ಮ ಸೋಮೇಶ್ವರ, ಕಾಪುವಿನ ಬಂಡೆಗಳ ಮೇಲೆ ಗಾಳ ಹಿಡಿದು ನಿಲ್ಲುವವರನ್ನು ಕಂಡವರಿಗೆ ಈ ಚರ್ಚೆ ಪರದೇಶದ್ದು ಎನ್ನಿಸಲಾರದು.

ಯಾವ ಜಾಕೆಟ್ ಎಂಬ ಪ್ರಶ್ನೆ ಇನ್ನೂ ತೀರಿಲ್ಲ. ಆಸ್ಟ್ರೇಲಿಯಾದ ಎಎಸ್ 4758 ಮಾನದಂಡದ ‘ಲೆವೆಲ್ 50’ ಎಂದರೆ ದೊಡ್ಡವರ ಅಳತೆಯಲ್ಲಿ ಕನಿಷ್ಠ 50 ನ್ಯೂಟನ್ ತೇಲುಬಲ. ಮೈಗೆ ಹಗುರ, ಗಾಳ ಬೀಸಲು ಅಡ್ಡಿಯಿಲ್ಲ, ಆದರೆ ಪ್ರಜ್ಞೆ ತಪ್ಪಿದವನನ್ನು ಅದು ಮುಖ ಮೇಲಾಗಿ ತಿರುಗಿಸುವ ಭರವಸೆ ಕೊಡುವುದಿಲ್ಲ. ಮೇಲ್ಮುಖವಾಗಿ ತಿರುಗಿಸಬಲ್ಲ ‘ಲೆವೆಲ್ 150’ರ ಗಾಳಿ ಜಾಕೆಟ್ಟು ತೊಟ್ಟದ್ದೇ ಗೊತ್ತಾಗದಷ್ಟು ತೆಳು, ಆದರೆ ಚಿಪ್ಪು ತಾಗಿ ತೂತಾದರೆ ಮುಗಿಯಿತು, ನೀರು ತಾಗಿದೊಡನೆ ಕರಗುವ ಗುಳಿಗೆಯುಳ್ಳ ಸ್ವಯಂಚಾಲಿತ ಬಗೆಯಾದರೆ ತುಂತುರು ತೋಯ್ದೇ ಉಬ್ಬಿಕೊಳ್ಳಬಹುದು. ಫೋಮ್ ಜಾಕೆಟ್ಟಿಗೆ ಈ ತಾಪತ್ರಯವಿಲ್ಲ. ಅಲೆ ಕಲ್ಲಿಗೆ ಬಡಿದಾಗ ಅದು ಪಕ್ಕೆಲುಬಿಗೆ ಒತ್ತುಮೆತ್ತೆಯೂ ಆಗುತ್ತದೆ. ದೋಣಿಯವರ ಲೆಕ್ಕಾಚಾರದಲ್ಲಿ ಹಿಂದೆ ಉಳಿಯುವ ಗುಣವಿದು, ಬಂಡೆಯವನಿಗೆ ಇದೇ ಮೊದಲನೆಯದು.

ಕೊನೆಯ ಎರವಲು ಆಕಾಶದಿಂದ ಬಂತು. ಅಪಾಯದ ಕರೆ ಆಲಿಸುವ ಕಾಸ್ಪಸ್-ಸಾರ್ಸಾಟ್ ಉಪಗ್ರಹ ಜಾಲದ ಮೊದಲ ಉಪಗ್ರಹ 1982ರಲ್ಲಿ ಹಾರಿತು. ಆರಂಭದಲ್ಲಿ ಅದು ಕಿವಿಗೊಟ್ಟದ್ದು ಹಡಗು, ವಿಮಾನಗಳ ಕರೆಗೆ. 2009ರ ಫೆಬ್ರವರಿ 1ರಿಂದ ಹಳೆಯ 121.5 ಮೆಗಾಹರ್ಟ್ಸ್ ಸಂಕೇತವನ್ನು ಉಪಗ್ರಹಗಳು ಆಲಿಸುವುದನ್ನು ನಿಲ್ಲಿಸಿ, 406 ಮೆಗಾಹರ್ಟ್ಸ್ ಒಂದೇ ಉಳಿಯಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ‘ಪರ್ಸನಲ್ ಲೊಕೇಟರ್ ಬೀಕನ್’ ಅಥವಾ ಪಿಎಲ್‌ಬಿ ಯಂತ್ರ ಈಗ ಮೊಬೈಲ್ ಸಿಗ್ನಲ್ ಇಲ್ಲದ ಬಂಡೆಯಿಂದಲೂ ಒಡೆಯನ ಗುರುತು, ಜಾಗ ಎರಡನ್ನೂ ಕಳಿಸಬಲ್ಲದು, ಒಮ್ಮೆ ಚಾಲೂ ಮಾಡಿದರೆ ಕನಿಷ್ಠ 24 ಗಂಟೆ. ಆದರೆ ಅದರ ಆಂಟೆನಾ ಬಿಚ್ಚಿ ಮೇಲ್ಮುಖವಾಗಿ ಹಿಡಿಯಬೇಕು, ತಲೆಯ ಮೇಲೆ ತೆರೆದ ಆಕಾಶ ಬೇಕು. ಕಡಿದಾದ ಬಂಡೆಯ ಬುಡದಲ್ಲಿ ಅರ್ಧ ಆಕಾಶ ಕಲ್ಲಿಗೇ ಹೋಗಿರುತ್ತದೆ. ತೇಲುತ್ತ ದೂರ ಸರಿದವನಿಗಷ್ಟೇ ಅದು ಸರಿಯಾಗಿ ಕೆಲಸಕ್ಕೆ ಬರುವುದರಿಂದ, ಬಲ್ಲವರು ಅದನ್ನು ಸಾಮಾನಿನ ಚೀಲಕ್ಕೆ ಹಾಕದೆ ಜಾಕೆಟ್ಟಿಗೇ ದಾರದಿಂದ ಕಟ್ಟಿಕೊಳ್ಳುತ್ತಾರೆ.